ಸೈಕಲ್ಲುಗಳ ಹಿಂದಿನ ಕಾರು

ಎರಡನೇ ಗೇರಿನಲ್ಲಿ ಕಾರು ಗುರುಗುಟ್ಟುತ್ತ ಗುಡ್ಡ ಏರುತ್ತಿತ್ತು. ಗಾಜಿನ ಆಚೆ, ಹತ್ತು ಮಾರು ಮುಂದೆ, ಸೈಕಲ್ ತುಳಿಯುತ್ತಿದ್ದ ಗಂಡನ ಕುಂಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಿತ್ತು. ಲಿಟ್ಲ್ ರಿವರ್ ಎಂಬ ಊರು ದಾಟಿದಾಗಿನಿಂದ ಜಯಲಕ್ಷ್ಮಿಯ ಕಣ್ಣಿಗೆ ಅದೊಂದೇ ದೃಶ್ಯ. ಎರಡೂ ಬದಿಗೆ ಮಾರ್ಚ್ ತಿಂಗಳ ಬಿಸಿಲಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲುಗುಡ್ಡಗಳಿದ್ದವು, ಬೇಲಿಯಾಚೆ ತಲೆ ಎತ್ತದೆ ಮೇಯುವ ಕುರಿಗಳಿದ್ದವು, ರಸ್ತೆಗೆ ಅಂಟಿಕೊಂಡು ಚಪ್ಪಟೆಯಾದ, ಬೆಕ್ಕಿನಷ್ಟು ಗಾತ್ರದ ಕಾಡುಪ್ರಾಣಿ ಪಾಸಮ್ಮಿನ ಕಳೇಬರವೊಂದು ಆಗಲೇ ಹಿಂದೆ ಸರಿದುಹೋಗಿತ್ತು. ಅವನ್ನೆಲ್ಲ ನೋಡಬೇಕೆಂದರೂ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು: ಬಿಗಿಯಾದ ಕಪ್ಪು ಚಡ್ಡಿ, ಅದರೊಳಗೆ ಹೊಲಿದ ಮೆತ್ತೆ, ಮೆತ್ತೆಯ ಸುತ್ತ ಬೆವರು ಆರಿ ಉಳಿದ ಉಪ್ಪಿನ ಬಿಳಿ ಗೆರೆ. ಐವತ್ತರ ಹತ್ತಿರ ಬಂದ ಗಂಡಸು ಹಸುಗೂಸಿನ ಹಾಗೆ ಮೆತ್ತೆ ಕಟ್ಟಿಕೊಂಡು ಊರೂರು ತಿರುಗುವುದು, ಅದರ ಹಿಂದೆ ಹೆಂಡತಿ ಕಾರಿನಲ್ಲಿ ನೀರು, ಬಾಳೆಹಣ್ಣು, ಒಣ ಕಾಲುಚೀಲ ಹೊತ್ತುಕೊಂಡು ತೆವಳುವುದು. ಅವನು ಪಕ್ಕಕ್ಕೆ ತಲೆ ಬಾಗಿಸಿ, ಒಂದು ಹೊಳ್ಳೆ ಒತ್ತಿಹಿಡಿದು, ಇನ್ನೊಂದರಿಂದ ಗೊಣ್ಣೆ ಚಿಮ್ಮಿಸಿದ. ಅದರ ಎಳೆ ಬಿಸಿಲಿಗೆ ಮಿಂಚಿ ಗಾಳಿಯಲ್ಲಿ ತೇಲಿ ಕಾರಿನ ಗಾಜಿನ ಕಡೆಗೇ ಬಂದಂತೆನಿಸಿ ಅವಳು ವೈಪರ್ ಹಾಕಿದಳು. ಒಣ ಗಾಜಿನ ಮೇಲೆ ರಬ್ಬರು ಕಿರುಗುಟ್ಟಿತು.

"ಗ್ರೋಸ್, ಮಮ್," ಎಂದಳು ಪಕ್ಕದಲ್ಲಿದ್ದ ನಿಶಾ, ಕಿವಿಗೆ ಸಿಕ್ಕಿಸಿದ ವೈರು ತೆಗೆಯದೆಯೇ. ಹದಿನೈದರ ಹುಡುಗಿ, ಅಮ್ಮ ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೆಳಗ್ಗೆ ಅವಳನ್ನು ಹೊರಡಿಸಬೇಕಾದರೆ ಸಾಕುಸಾಕಾಗಿತ್ತು.

ಅಸಹ್ಯ ಎನ್ನುವುದು ತನಗೆ ಇಲ್ಲವೇ ಇಲ್ಲವೆಂದು ಜಯಲಕ್ಷ್ಮಿ ನಂಬಿಕೊಂಡಿದ್ದಳು. ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ ಬಡಾವಣೆಯ ಹತ್ತಿರದ ಪೆಥಾಲಜಿ ಲ್ಯಾಬಿನಲ್ಲಿ ದಿನವಿಡೀ ಅವಳ ಕೈಯಲ್ಲಿ ಹಾಯುವುದು ಪರರ ಮಲ, ಕಫ, ಕೀವು. ಮುಚ್ಚಳ ತಿರುಗಿಸಿ, ಕಡ್ಡಿಯಲ್ಲಿ ಇಷ್ಟು ತೆಗೆದು ಗಾಜಿನ ಪಟ್ಟಿಗೆ ಸವರುವಾಗ ಅವಳ ಹುಬ್ಬು ಅಲುಗುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಗುತ್ತಾಳೆ. ಕೈ ತೊಳೆದು ಬಂದು ಚಿತ್ರಾನ್ನದ ಡಬ್ಬಿ ತೆರೆದರೆ ಒಂದಗುಳೂ ಬಿಡುವುದಿಲ್ಲ. ಅಂಥವಳಿಗೆ ಈಗ ಕೆಲವು ತಿಂಗಳಿಂದ ಮನೆಯಲ್ಲಿ ಗಂಡ ಕುಡಿದಿಟ್ಟ ಕಾಫಿ ಲೋಟ ಎತ್ತುವುದಕ್ಕೂ ಎರಡೇ ಬೆರಳು ಸಾಕೆನಿಸುತ್ತಿತ್ತು. ಶುರುವಾದದ್ದು ಕಾಲಿನ ಕೂದಲಿನಿಂದ ಇರಬೇಕು. ಒಂದು ಬೆಳಗ್ಗೆ ಸ್ನಾನಕ್ಕೆ ಹೋದರೆ ನೀರು ಇಳಿಯದೆ ಪಾದ ಮುಳುಗುತ್ತಿತ್ತು. ಬಗ್ಗಿ ಜಾಲರಿ ಎತ್ತಿದರೆ ಸೋಪಿನ ಜಿಡ್ಡಿನೊಡನೆ ಹೆಣೆದುಕೊಂಡ ಕಪ್ಪು ಕೂದಲಿನ ಉಂಡೆ, ಸತ್ತ ಇಲಿಮರಿಯಷ್ಟು ಗಾತ್ರದ್ದು. ರೂಮಿಗೆ ಬಂದಾಗ ಗಂಡ ಬದರಿನಾಥ್ ಕಿಟಕಿಯ ಬೆಳಕಿಗೆ ಮೊಣಕಾಲು ಮಡಿಸಿ ಕೂತು, ಕೂದಲು ಬೋಳಿಸಿದ ತನ್ನ ಮೀನಖಂಡವನ್ನು ಸವರಿಕೊಳ್ಳುತ್ತಿದ್ದ. ಗ್ರೇಯಮ್ಮೂ ಮಾಡ್ತಾನೆ ಕಣೇ, ಸೈಕಲ್ ಹೊಡೆಯೋರೆಲ್ಲ ಮಾಡ್ತಾರೆ, ಬಿದ್ರೆ ಗಾಯ ತೊಳೆಯೋಕೆ ಸುಲಭ, ಎಂದ. ಯಾರು ತೊಳೆಯೋಕೆ ಎಂದು ಅವಳು ಕೇಳಲಿಲ್ಲ. ಆವತ್ತು ಹಾಸಿಗೆಯಲ್ಲಿ ಅವನ ಬೋಳುಗಾಲು, ಪುಕ್ಕ ಕಿತ್ತ ಕೋಳಿಯ ಹಾಗೆ ತಣ್ಣಗೆ, ಅವಳ ಕಾಲಿಗೆ ತಾಗಿದಾಗ ಅವಳು ತನ್ನದನ್ನು ಹೊಟ್ಟೆಯವರೆಗೂ ಎಳೆದುಕೊಂಡಿದ್ದಳು.

ಗ್ರೇಯಮ್ ಅವನ ಮ್ಯಾನೇಜರು. ತೋಟಗಳಿಗೆ ನೀರು ಹಾಯಿಸುವ ಪಂಪುಗಳನ್ನು ರೂಪಿಸುವ ಕಂಪನಿ. ಅಲ್ಲಿ ಎಲ್ಲರೂ ಬದರಿಯನ್ನು ಬ್ಯಾರಿ ಎಂದು ಕರೆಯುತ್ತಿದ್ದರು, ಮೊದಮೊದಲು ಮನೆಗೆ ಬಂದು ಗೊಣಗುತ್ತಿದ್ದವನು ಈಗ ಫೋನೆತ್ತಿದರೆ ತಾನೇ ಬ್ಯಾರಿ ಎನ್ನುತ್ತಿದ್ದ. ಜೂನ್ ತಿಂಗಳಲ್ಲಿ ಗ್ರೇಯಮ್ಮಿನ ಗುಂಪು ಫ್ರಾನ್ಸಿಗೆ ಹೋಗುವುದಿತ್ತು. ಬರ್ಗಂಡಿಯ ಹಳ್ಳಿಗಳಲ್ಲಿ ಒಂದು ದ್ರಾಕ್ಷಿ ತೋಟದಿಂದ ಇನ್ನೊಂದಕ್ಕೆ ಸೈಕಲ್ ತುಳಿಯುವುದು, ಸಂಜೆಗೆ ವೈನು, ಬೆಳಗ್ಗೆ ಮತ್ತೆ ಸೈಕಲ್ಲು. ಆ ಗುಂಪಿಗೆ ತನ್ನನ್ನೂ ಕರೆಯಲೆಂದು ಬದರಿನಾಥ್ ಪಟ್ಟ ಪಾಡನ್ನು ನೋಡಿ ಅವಳಿಗೆ ತಲೆ ಎತ್ತಲಾಗಿರಲಿಲ್ಲ. ನಲವತ್ತು ದಾಟುವವರೆಗೆ ಒಂದು ಹನಿ ಮುಟ್ಟದವನು ಈಗ ಊಟದ ಮೇಜಿನಲ್ಲಿ ಗ್ಲಾಸು ತಿರುಗಿಸಿ ಮೂಗು ಅದ್ದಿ, ಬಾಯಿಗೆ ಹಾಕಿದ್ದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿ, ಕೆನ್ನೆ ಸವರಿಕೊಳ್ಳುತ್ತ ಕಣ್ಣು ಮುಚ್ಚಿ, ಬ್ಲ್ಯಾಕ್‌ಕರಂಟ್, ಎನ್ನುತ್ತಿದ್ದ. ಆ ಹಣ್ಣನ್ನು ಅವನು ನೋಡಿದ್ದು ಶರಬತ್ತಿನ ಬಾಟಲಿಯ ಮೇಲಿನ ಚಿತ್ರದಲ್ಲಿ. ಕನ್ನಡಿಯ ಮುಂದೆ ನಿಂತು ಗಂಟಲಿನಾಳದಿಂದ ಫ್ರೆಂಚ್ ಊರುಗಳ ಹೆಸರು ಉಗುಳುವುದನ್ನು ನಿಶಾ ಬಾಗಿಲ ಸಂದಿಯಿಂದ ನೋಡಿ ಅಮ್ಮನ ಕಡೆ ತಿರುಗಿ ತುಟಿ ಸೊಟ್ಟ ಮಾಡಿದ್ದಳು. ಇವತ್ತಿನದು ಅದಕ್ಕೇ ತಾಲೀಮು. ಹಿಂದೊಮ್ಮೆ ಫ್ರೆಂಚರು ಬಂದು ನೆಲೆಸಿದ ಅಕರೋವಾ ಕೊಲ್ಲಿಯ ಕಡೆಗೆ ಗುಡ್ಡ ಹತ್ತಿಳಿದು, ಅಲ್ಲಿನ ದ್ರಾಕ್ಷಿ ತೋಟವೊಂದರಲ್ಲಿ ಊಟ. ಫ್ರಾನ್ಸಿಗೆ ಹೋದ ಹಾಗೇ ಇರುತ್ತೆ, ನೀನು ಕಾರು ತಗೊಂಡು ಹಿಂದೆ ಬಂದ್ರೆ ಸಾಕು, ಎಂದಿದ್ದ.

ಗುಂಪಿನಲ್ಲಿ ಮುಂದೆ ಹೋದವರು ತಿರುವುಗಳಲ್ಲಿ ಯಾವಾಗಲೋ ಮರೆಯಾಗಿದ್ದರು. ನಡುವೆ ಕಾಲಿನ್ ಒಬ್ಬ, ರಿಟೈರಾದ ಮುದುಕ, ಯಾವ ಅವಸರವೂ ಇಲ್ಲದೆ ತುಳಿಯುತ್ತಿದ್ದವನು, ಅವನೂ ಈಗ ಕಾಣುತ್ತಿರಲಿಲ್ಲ. ಬದರಿಯ ಸೈಕಲ್ಲು ಹಾವಿನಂತೆ ರಸ್ತೆಯಗಲಕ್ಕೂ ಹೊರಳತೊಡಗಿತು. ಜಲ್ಲಿಯ ಅಂಚಿಗೆ ಹೋಗಿ ನಿಂತಿತು. ಅವನು ಇಳಿಯಲಿಲ್ಲ, ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಹಾಗೇ ನಿಂತ. ಅವಳೂ ಕಾರು ನಿಲ್ಲಿಸಿದಳು. ಬಂದು ಕಿಟಕಿಗೆ ಕೈಯೂರಿದ ಅವನ ಕೈಗವಸಿನಿಂದ ಹುಳಿ ವಾಸನೆ ಹೊಡೆಯಿತು.

"ಜಯಾ, ಹಿಂದುಗಡೆ ಬಾಗಿಲು ತೆಗಿ. ಕಾಲು ಹಿಡ್ಕೊಂಡುಬಿಟ್ಟಿದೆ."

"ಸೈಕಲ್ಲು?"

"ಒಳಗೇ ಹಾಕೋಣ. ಗುಡ್ಡದ ತುದಿ ಹತ್ರ ಇಳಿಸ್ಬಿಡು. ಅಲ್ಲಿಂದ ನಾನೇ ಹೋಗ್ತೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ದಾರೀಲಿ ಕಾಲಿನ್ ಇದಾರಲ್ಲ?"

"ಅವನಿಗೆ ಗೊತ್ತಾಗಲ್ಲ. ಬೇಗ ಕಣೇ."

ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಒಳಗೆ ತಳ್ಳಿದ್ದಾಯಿತು. ಅದರ ಪಕ್ಕದಲ್ಲಿ ಬದರಿನಾಥ್ ಮೊಣಕಾಲು ಮಡಿಸಿ ಮಲಗಿದ; ಗುಂಪಿನವರು ಬೆಳಗ್ಗೆ ಬಿಚ್ಚಿ ಅವಳ ಕೈಗೆ ತುರುಕಿದ್ದ ಜಾಕೆಟ್ಟುಗಳನ್ನು ತಲೆಯ ಮೇಲೆ ಎಳೆದುಕೊಂಡ. ನಿಶಾ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿ, ಕಿವಿಯ ವೈರನ್ನು ಗಟ್ಟಿಯಾಗಿ ಒತ್ತಿಕೊಂಡಳು. ಕಾರಿನ ತುಂಬ ವಾಸನೆ. ನಿತ್ಯದ ಬೆವರಲ್ಲ, ತಣ್ಣನೆಯ ಲೋಹದಂಥದೇನೋ, ಅದಕ್ಕೆ ಸೈಕಲ್ ತುಳಿಯುವವರು ಶಕ್ತಿಗೆಂದು ಹೀರುವ ಅಂಟಿನ ಪೊಟ್ಟಣದ ಸಕ್ಕರೆಯ ಸಿಹಿ ಬೆರೆತಿತ್ತು. ಅವಳು ನಾಲ್ಕೂ ಕಿಟಕಿ ಇಳಿಸಿದಳು. ಹಿಂದೆ ನೋಡುವ ಕನ್ನಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದಳು, ಅದರಲ್ಲಿ ಆಕಾಶ ಮಾತ್ರ ಕಾಣುವ ಹಾಗೆ. ಎರಡು ತಿರುವಿನಾಚೆ ಕಾಲಿನ್ ಸಿಕ್ಕಿದ. ದಾಟುವಾಗ ಹೆಬ್ಬೆರಳೆತ್ತಿ ತೋರಿಸಿದ. ಅವಳೂ ಹೆಬ್ಬೆರಳೆತ್ತಿದಳು, ನಕ್ಕಳು ಕೂಡ. ಹಿಂದೆ ಜಾಕೆಟ್ಟುಗಳ ರಾಶಿ ಉಸಿರಾಡುತ್ತಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರುತ್ತೇವೆಂದು ಅತ್ತೆಗೆ ಹೇಳಿ ಹೊರಟಿದ್ದರು. ಪಾದದವರೆಗೆ ಹೋದವರು ಮೆಟ್ಟಿಲುಗಳನ್ನು ಒಮ್ಮೆ ನೋಡಿ, ಮುಖ ಮುಖ ನೋಡಿಕೊಂಡು, ವಾಪಸು ಬಂದು ಸಿಟಿ ಬಸ್ಸು ಹತ್ತಿದ್ದರು. ಬಸ್ಸಿನಲ್ಲಿ ಅವನು ಅವಳ ಸೀರೆಯ ನೆರಿಗೆಗೆ ಬೇಕೆಂದೇ ಧೂಳು ಸವರಿದ. ಹಣೆಗೆ ಬಾಟಲಿಯ ನೀರು ಚಿಮುಕಿಸಿ, ಇದು ಬೆವರು, ಎಂದ. ಮನೆಯಲ್ಲಿ ಅತ್ತೆ ಕಾಲಿಗೆ ಬಿಸಿನೀರು ಕಾಯಿಸಿಕೊಟ್ಟಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ, ನಗು ತಡೆಯಲಾರದೆ ಬಚ್ಚಲಿನ ಕಡೆ ಓಡಿದ್ದರು. ಇವನನ್ನು ತಾನು ಪ್ರೀತಿಸುತ್ತೇನೆಂದು ಅವಳಿಗೆ ಮೊದಲು ಅನ್ನಿಸಿದ್ದು ಆ ಬಚ್ಚಲಿನ ಕತ್ತಲೆಯಲ್ಲಿ. ಸುಳ್ಳು ಅದೇ, ಗಂಡಸೂ ಅವನೇ. ಹಾಗಿದ್ದರೆ ಕೊಳೆತದ್ದು ಯಾವುದು? "ಇಲ್ಲೇ, ಇಲ್ಲೇ ನಿಲ್ಸು," ಎಂದಿತು ಜಾಕೆಟ್ಟುಗಳ ರಾಶಿ. ಅವಳು ನಿಲ್ಲಿಸಿದಳು. ಅವನು ಚಕ್ರ ಸಿಕ್ಕಿಸಿ, ಕಾರಿನ ತಲೆಗೆ ಕೈಯೂರಿಕೊಂಡು ತುಂಬ ಹೊತ್ತು ನಿಂತಿದ್ದ. ಕಿಟಕಿಯಲ್ಲಿ ಒದ್ದೆ ಬನಿಯನ್ನಿನ ಒಂದು ತುಂಡು ಮಾತ್ರ ಕಾಣುತ್ತಿತ್ತು. ಬಗ್ಗಿ ಮುಖ ನೋಡಬಹುದಿತ್ತು. ಅವಳು ಸ್ಟಿಯರಿಂಗಿನ ಮೇಲಿನ ಧೂಳನ್ನು ಉಗುರಿನಿಂದ ಕೆರೆಯುತ್ತ ಕೂತಳು. ಅವನು ಹೋದಮೇಲೆ ಕಾಲಿನ್ ಮುಂದೆ ಹೋಗಲೆಂದು ಅಲ್ಲೇ ಕಾದಳು. ಮುದುಕ ಬಂದು ಕಾಲೂರಿ, ಎಲ್ಲ ಸರಿಯಿದೆಯಾ, ಎಂದು ಕೇಳಿದ. ಕೊಲ್ಲಿಯ ಫೋಟೋ ತೆಗೆಯುತ್ತಿದ್ದೆ, ಎಂದಳು. ಆ ತಿರುವಿನಿಂದ ಕೊಲ್ಲಿ ಕಾಣುತ್ತಲೇ ಇರಲಿಲ್ಲ.

ತೋಟ ನೀರಿಗೆ ಎದುರಾಗಿ ಇಳಿಜಾರಿನಲ್ಲಿತ್ತು. ಕೊಯ್ಲಿನ ಕಾಲ. ಶೆಡ್ಡಿನ ಹಿಂದೆ ಹಿಂಡಿದ ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟು ಗುಡ್ಡೆಬಿದ್ದು ಹುಳಿಯುತ್ತಿದ್ದವು, ಅದರ ಮೇಲೆ ಕಣಜಗಳ ಗುಂಯ್‌ಗುಟ್ಟುವಿಕೆ. ಬಳ್ಳಿಗಳ ನೆರಳಿಗೆ ಹಾಕಿದ ಉದ್ದ ಮೇಜಿನ ಸುತ್ತ ಒದ್ದೆ ಮೈಗಳು ಒತ್ತಿಕೊಂಡು ಕೂತವು. ಎಲ್ಲರ ತೊಡೆಯೂ ನುಣ್ಣಗೆ, ಕೆಂಪಗೆ. ಹಲಗೆಯ ಮೇಲೆ ಬ್ರೆಡ್ಡು, ಆಲಿವ್, ನೀಲಿ ಬೂಷ್ಟು ಹಿಡಿದ ಚೀಸು. ಆ ಬೂಷ್ಟನ್ನು ಅವಳು ದಿನವೂ ನೋಡುತ್ತಾಳೆ, ಗಾಜಿನ ತಟ್ಟೆಯಲ್ಲಿ ಬೆಳೆದರೆ ಹೆಸರು ಬರೆದು ವರದಿ ಮಾಡುತ್ತಾಳೆ. ಇಲ್ಲಿ ಅದನ್ನು ಬೆರಳಿನಿಂದ ಒತ್ತಿ ಬ್ರೆಡ್ಡಿಗೆ ಸವರಿ, ಬೆರಳು ನೆಕ್ಕಿ, ಆಹಾ ಎನ್ನುತ್ತಿದ್ದರು. ಬದರಿನಾಥ್ ಏನೂ ತಿನ್ನದೆ ಗ್ಲಾಸು ತಿರುಗಿಸುತ್ತಿದ್ದ. ಒಂದು ಗುಟುಕು ತೆಗೆದುಕೊಂಡು ಕೆಳಗಿಟ್ಟು, ಎಡಗಡೆಯ ದವಡೆಯನ್ನು ಅಂಗೈಯಿಂದ ಉಜ್ಜಿಕೊಂಡ. ಮತ್ತೆ ಉಜ್ಜಿಕೊಂಡ. ಶುರುವಾಯ್ತು ನಾಟಕ, ಎಂದುಕೊಂಡಳು ಅವಳು. ಇನ್ನೇನು ಬ್ಲ್ಯಾಕ್‌ಕರಂಟ್ ಬರುತ್ತದೆ.

ಬದಲಿಗೆ ಗ್ರೇಯಮ್ ಎದ್ದುನಿಂತ. ಚಮಚದಿಂದ ಗ್ಲಾಸು ತಟ್ಟಿ, ಇವತ್ತಿನ ನಿಜವಾದ ಹೀರೋ ಜಯಾ ಎಂದ. ಹಿಂದೆ ಕಾರಿದೆ ಎನ್ನುವ ಧೈರ್ಯವೇ ಬೇರೆ. ಜೂನಿನಲ್ಲಿ ಫ್ರಾನ್ಸಿನಲ್ಲೂ ವ್ಯಾನು ಓಡಿಸಲು ಆಕೆ ಒಪ್ಪಿದ್ದಾಳೆಂದು ಬ್ಯಾರಿ ಹೇಳಿದಾಗಲೇ ತನಗೆ ನಿರಾಳವಾಯಿತು, ಬ್ಯಾರಿಗೊಂದು ಜಾಗ ಮಾಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೇ, ಎಂದು ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರೇಯಮ್ಮಿನ ಹೆಂಡತಿ ಹೆದರ್ ಅವಳ ತೋಳು ಹಿಸುಕಿ, ನಿನ್ನಂಥ ತಾಳ್ಮೆ ನನಗಿಲ್ಲಮ್ಮ, ಎಂದಳು. ಜಯಲಕ್ಷ್ಮಿ ಗಂಡನ ಕಡೆ ನೋಡಿದಳು. ಅವನು ಮೇಜಿನ ಮರದ ಗಂಟನ್ನು ನೋಡುತ್ತಿದ್ದ. ಅವಳನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ಅವಳನ್ನು ಕೊಟ್ಟು ತನಗೊಂದು ಸೀಟು ಹಿಡಿದಿದ್ದ. ಕೊಟ್ಟದ್ದನ್ನು ಹೇಳುವುದೂ ಬೇಡವೆನಿಸಿತ್ತು. ಬಾಯಿಯಲ್ಲಿ ಎಂಥದೋ ಒಗರು ಕೂಡಿಕೊಂಡಿತು. ಉಗುಳಲು ಜಾಗವಿರಲಿಲ್ಲ, ನುಂಗಿದಳು.

ಚಪ್ಪಾಳೆ ನಿಂತ ಮೇಲೆ ಕಾಲಿನ್ ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಬರೀ ಕುತೂಹಲ.

"ಬ್ಯಾರಿ, ನೀನು ನನ್ನ ಹಿಂದೆ ಇದ್ದೆಯಲ್ಲ. ಯಾವಾಗ ನನ್ನನ್ನು ದಾಟಿದೆ? ನಾನು ನೋಡಲೇ ಇಲ್ಲ."

"ನಿದ್ದೆ ಮಾಡ್ತಿದ್ದೆಯೇನೋ," ಎಂದ ಗ್ರೇಯಮ್. ನಗು ಎದ್ದಿತು. ಅವನು ಅದೇ ನಗುವಿನಲ್ಲಿ ಅವಳ ಕಡೆ ತಿರುಗಿದ. "ಜಯಾ, ನೀವು ಹಿಂದೆ ಇದ್ದಿರಲ್ಲ, ನೀವೇ ಹೇಳಿ. ನಮ್ಮ ಬ್ಯಾರಿ ನಿಜವಾಗಿ ಹತ್ತಿದನೋ?"

ಎಲ್ಲ ಮುಖಗಳೂ ಅವಳ ಕಡೆ. ನಿಶಾಳದೂ. ಹೇಳಿಬಿಡಬಹುದಿತ್ತು. ಆ ಒಂದು ಕ್ಷಣಕ್ಕೆ ಅವನ ಇಡೀ ಮೈ, ಬೋಳುಗಾಲು, ಮೆತ್ತೆ, ಬ್ಯಾರಿ, ಫ್ರಾನ್ಸು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ ಕೂತಿತ್ತು. ಬದರಿನಾಥ್ ಈಗ ತಲೆ ಎತ್ತಿದ್ದ. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು.

"ದಾಟಿದರು," ಎಂದಳು. "ಕಡಿದಾದ ಕಡೆಯೇ ದಾಟಿದರು. ನಾನು ನೋಡಿದೆ."

ಕಾಲಿನ್ ತಲೆದೂಗಿ ಗ್ಲಾಸೆತ್ತಿದ. ಕಡಿದಾದ ಕಡೆಯೇ ಎನ್ನುವ ಮಾತನ್ನು ತನ್ನಿಂದ ಯಾರು ಆಡಿಸಿದರು? ಯಾರೂ ಕೇಳದ ಅಲಂಕಾರ ಅದು, ಪಳಗಿದ ಸುಳ್ಳುಗಾರ್ತಿಯ ಕೈವಾಡ. ಅವಳು ಎದ್ದು ಶೆಡ್ಡಿನ ಪಕ್ಕದ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ನೀರಿನಲ್ಲೂ ಆ ಸಿಪ್ಪೆಯ ಹುಳಿ. ಹಿಂದೆ ಹೆಜ್ಜೆ ಸಪ್ಪಳವಾಯಿತು.

"ಯೂ ಲೈಡ್, ಮಮ್," ಎಂದಳು ನಿಶಾ.

"ಅಷ್ಟು ಜನರ ಮುಂದೆ ಇನ್ನೇನು ಹೇಳ್ಲಿ?"

"ಯೂ ಡಿಡಂಟ್ ಈವನ್ ಬ್ಲಿಂಕ್." ಹುಡುಗಿಯ ಮೇಲ್ದುಟಿ ಸಣ್ಣಗೆ ಎತ್ತಿಕೊಂಡಿತ್ತು. ಅದು ಯಾವ ಭಾವವೆಂದು ಜಯಲಕ್ಷ್ಮಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನಿಂದ ಅದು ತನ್ನ ಮುಖದ ಮೇಲಿತ್ತು. ಈಗ ಮಗಳ ಮುಖದಿಂದ ತನ್ನನ್ನು ನೋಡುತ್ತಿತ್ತು.

ಆಗ ಮೇಜಿನ ಕಡೆ ಕುರ್ಚಿ ಉರುಳಿದ ಸದ್ದು, ಅದರ ಹಿಂದೆಯೇ ನಗು. "ಯಾರಾದರೂ ಬ್ಯಾರಿಯ ಗ್ಲಾಸು ಕಿತ್ಕೊಳ್ರಪ್ಪ," ಎಂದು ಯಾರೋ ಕೂಗಿದರು. ಅವಳು ಮೂಲೆ ತಿರುಗಿ ಬಂದಾಗ ಬದರಿನಾಥ್ ಬಳ್ಳಿಗಳ ಸಾಲಿನ ಬುಡದಲ್ಲಿ ಮಂಡಿಯೂರಿ ಕಾರಿಕೊಳ್ಳುತ್ತಿದ್ದ. ಕಾರಿಕೊಂಡದ್ದು ಗಲ್ಲದಿಂದ ಎದೆಯ ಜಿಪ್ಪಿನವರೆಗೂ ಇಳಿದಿತ್ತು. ಹೆದರ್ ಅವಳಿಗೆ ಪೇಪರ್ ನ್ಯಾಪ್ಕಿನ್ನುಗಳ ಕಟ್ಟು ಚಾಚಿದಳು, ಒರೆಸುವವಳು ಯಾರೆನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಜಯಲಕ್ಷ್ಮಿ ಕಟ್ಟು ಹಿಡಿದು ನಿಂತಳು. ಒರೆಸುವುದಿಲ್ಲ, ಎಂದುಕೊಂಡಳು. ಇವತ್ತು ನಾನು ಒರೆಸುವುದಿಲ್ಲ, ಅದರಲ್ಲೇ ಬಿದ್ದಿರಲಿ. ಹಾಗೆ ನಿಂತದ್ದು ಎಷ್ಟು ಹೊತ್ತೋ. ಅವನು ಪಕ್ಕಕ್ಕೆ ಹೊರಳಿ ಮುಖ ಮೇಲಾದಾಗ ಬೆಳಗಿನಿಂದ ಮೊದಲ ಬಾರಿಗೆ ಅವಳು ಆ ಮುಖವನ್ನು ಸರಿಯಾಗಿ ನೋಡಿದಳು. ಬೂದಿ ಬಣ್ಣ. ತುಟಿಯ ಅಂಚಿನಲ್ಲಿ ನೀಲಿ. ಕೈ ಮತ್ತೆ ದವಡೆಗೆ ಹೋಗುತ್ತಿತ್ತು, ಅಲ್ಲಿಂದ ಎಡ ತೋಳಿಗೆ. ಅವಳು ಕಟ್ಟನ್ನು ಎಸೆದು ಓಡಿ ಕುತ್ತಿಗೆಗೆ ಬೆರಳೊತ್ತಿದಳು. ಬಿಸಿಲಿನಲ್ಲಿ ಬಿದ್ದಿದ್ದ ಮೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು, ಜಿಗುಟಾಗಿತ್ತು.

"ಆಂಬ್ಯುಲೆನ್ಸ್," ಎಂದು ಕಿರುಚಿದಳು. "ಕುಡಿದದ್ದಲ್ಲ ಇದು. ಹಾರ್ಟು."

ತೋಟದವರ ಫೋನಿಂದ ಕರೆ ಹೋಯಿತು. ಅಕರೋವಾದಿಂದ ಆಂಬ್ಯುಲೆನ್ಸ್ ಬಂತು. ನಿಧಾನವಾಗಿ, ಗಟ್ಟಿಯಾಗಿ ಮಾತಾಡುವ ಹೆಂಗಸೊಬ್ಬಳು ಅವನ ಬನಿಯನ್ನನ್ನು ಕತ್ತರಿಯಿಂದ ಸೀಳಿ ಎದೆಗೆ ತಂತಿಗಳನ್ನು ಅಂಟಿಸಿದಳು. ಸುತ್ತ ಗ್ರೇಯಮ್, ಹೆದರ್, ಕಾಲಿನ್ ಎಲ್ಲರೂ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತಿದ್ದರು.

"ನೋವು ಯಾವಾಗ ಶುರುವಾಯ್ತು?" ಎಂದು ಕೇಳಿದಳು ಆಕೆ.

ಬದರಿನಾಥ್ ಕಣ್ಣು ತೆರೆದ. ಆ ಕಣ್ಣು ಆಕೆಯನ್ನು ದಾಟಿ ಗ್ರೇಯಮ್ಮಿನ ಬೂಟಿನವರೆಗೆ ಹೋಗಿ ಬಂತು. "ಈಗ," ಎಂದ. "ಊಟ ಮಾಡುವಾಗ. ಈಗಷ್ಟೇ."

ಜಯಲಕ್ಷ್ಮಿಗೆ ನಂಬಲಾಗಲಿಲ್ಲ. ಸಾಯುತ್ತಿದ್ದಾನೆ, ಸಾಯುವಾಗಲೂ ಗುಡ್ಡ ಹತ್ತುತ್ತಿದ್ದಾನೆ. ಎಲ್ಲೋ ಆಳದಲ್ಲಿ ಅದಕ್ಕೆ ನಗುವೂ ಬಂತು, ನಗುವಿನ ಹಿಂದೆಯೇ ಹೇಸಿಗೆ.

"ಸುಳ್ಳು," ಎಂದಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಬೆಳಗ್ಗೆ ಗುಡ್ಡ ಹತ್ತುವಾಗಲೇ ಶುರುವಾಗಿತ್ತು. ಅವರು ಹತ್ತಲಿಲ್ಲ. ಅರ್ಧ ದಾರಿಯಲ್ಲೇ ನಿಂತರು, ಮೈಯೆಲ್ಲ ತಣ್ಣನೆ ಬೆವರು. ಕಾರಿನ ಹಿಂದೆ ಮಲಗಿಸಿ ಜಾಕೆಟ್ ಮುಚ್ಚಿ ಕರೆತಂದು, ತುದಿಯಲ್ಲಿ ಇಳಿಸಿದೆ."

ಆ ಹೆಂಗಸು ಗಡಿಯಾರ ನೋಡಿ, ರೇಡಿಯೋ ಎತ್ತಿ ಹೆಲಿಕಾಪ್ಟರ್ ಕಳಿಸಲು ಹೇಳಿದಳು. ಕಾಲಿನ್ ತನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಸರಿಪಡಿಸತೊಡಗಿದ. ಬದರಿನಾಥ್ ಹೆಂಡತಿಯನ್ನು ನೋಡಿದ. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಹಾಗೆ ನೋಡಿರಲಿಲ್ಲ, ಗುರುತಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿಕೊಂಡ.

ಉಳಿದುಕೊಂಡ. ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು. ಹೃದಯದ ಸ್ನಾಯು ಒಂದಿಷ್ಟು ಸತ್ತಿದೆ, ಇನ್ನು ಸ್ವಲ್ಪ ಬೇಗ ಬಂದಿದ್ದರೆ, ಎಂದು ಎಳೆಯ ಡಾಕ್ಟರು ಹೇಳಿ, ವಾಕ್ಯ ಮುಗಿಸದೆ ಅವಳ ಭುಜ ಮುಟ್ಟಿ ಹೋದ. ಆ ಮುಗಿಯದ ವಾಕ್ಯವನ್ನು ಅವಳು ಹಗಲೆಲ್ಲ ತಾನೇ ಮುಗಿಸುತ್ತ ಕೂತಳು. ಕಿಟಕಿ ಇಳಿಸದಿದ್ದರೆ. ಕನ್ನಡಿ ತಿರುಗಿಸದಿದ್ದರೆ. ಮೂತ್ರದ ಬಾಟಲಿ ಹಿಡಿದಳು, ಕುತ್ತಿಗೆ ಒರೆಸಿದಳು, ಒಡೆದ ತುಟಿಗೆ ವ್ಯಾಸಲೀನು ಸವರಿದಳು. ಬೆರಳು ಹಿಂಜರಿಯುವುದನ್ನು ಬಿಟ್ಟಿರಲಿಲ್ಲ. ಹಿಂಜರಿಯುವ ಬೆರಳಿನಿಂದಲೇ ಸವರಿದಳು. ಅವನು ಬದುಕಿದ್ದಾನೆಂದು ಎದೆ ಹಗುರಾಗುವುದೂ, ಅವನ ಉಸಿರು ತಾಗಿದರೆ ಮುಖ ಆಚೆ ತಿರುಗುವುದೂ ಒಟ್ಟೊಟ್ಟಿಗೇ ನಡೆಯುತ್ತಿತ್ತು. ಒಂದು ಇನ್ನೊಂದನ್ನು ಓಡಿಸಲಿಲ್ಲ. ಗ್ರೇಯಮ್ ಹೂವು ಕಳಿಸಿದ, ಬರಲಿಲ್ಲ. ಬದರಿನಾಥ್ ಅವಳೊಡನೆ ಮಾತಾಡದೆ ನರ್ಸುಗಳೊಡನೆ ನಗುತ್ತಿದ್ದ.

ಜನರಲ್ ವಾರ್ಡಿಗೆ ತಂದ ಮಧ್ಯಾಹ್ನ ಮೊದಲ ಮಾತಾಡಿದ. "ಅಷ್ಟು ಜನರ ಎದುರಿಗೆ ಹೇಳ್ಬೇಕಿತ್ತಾ?"

"ಹೂಂ."

"ಆ ಹೆಂಗಸಿಗೆ ಕಿವಿಯಲ್ಲಿ ಹೇಳ್ಬಹುದಿತ್ತು."

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಮೈಸೂರಿನಿಂದ ಅವನ ಅಣ್ಣ ವೆಂಕಟೇಶ್. ಅವಳು ಅದನ್ನು ಗಂಡನ ಕಿವಿಗೆ ಹಿಡಿದಳು. ಅವನ ದನಿಗೆ ಎಲ್ಲಿಂದಲೋ ಕಸುವು ಬಂತು. ಇಲ್ಲ ಅಣ್ಣ, ಈಗ ಆರಾಮು. ದೊಡ್ಡ ಗುಡ್ಡ ಅಣ್ಣ, ನಮ್ಮ ಬೆಟ್ಟ ಅದರ ಮುಂದೆ ಏನೂ ಅಲ್ಲ. ಪೂರ್ತಿ ಹತ್ತಿ ಇಳಿದು, ಊಟ ಮಾಡ್ತಾ ಕೂತಿದ್ದೆ ನೋಡು, ಆಗ. ಕೆನ್ನೆಗೆ ಬಣ್ಣ ಕೂಡ ಬರುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಿಶಾ ಪುಸ್ತಕದಿಂದ ತಲೆ ಎತ್ತಿದಳು. ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು.

"ಅಣ್ಣ ನಿನ್ನ ಹತ್ರ ಮಾತಾಡ್ಬೇಕಂತೆ," ಎಂದು ಅವನು ಫೋನು ಮುಂದೆ ಮಾಡಿದ.

"ಜಯಾ, ಏನಮ್ಮ ಇದು?" ದೂರದ ದನಿ ಗೊರಗೊರ ಎನ್ನುತ್ತಿತ್ತು. "ಈ ವಯಸ್ಸಿನಲ್ಲಿ ಅಷ್ಟು ದೊಡ್ಡ ಗುಡ್ಡ ನಿಜವಾಗ್ಲೂ ಹತ್ತಿದ್ನಾ ಇವ್ನು?"

"ಇಲ್ಲ ಭಾವ," ಎಂದಳು. "ಹತ್ತಲಿಲ್ಲ. ಅರ್ಧ ದಾರೀಲೇ ಆಗಿತ್ತು. ಕಾರಲ್ಲಿ ಕೂರಿಸ್ಕೊಂಡು ಹೋದೆ. ಅವತ್ತು ನಾನು ಅವರ ಮುಖ ನೋಡ್ಲಿಲ್ಲ ಭಾವ. ನನಗೆ ಅಸಹ್ಯ ಆಗಿತ್ತು. ನೋಡಿದ್ರೆ ಗೊತ್ತಾಗ್ತಿತ್ತು."

ಬದರಿನಾಥ್ ನಿಧಾನವಾಗಿ ಗೋಡೆಯ ಕಡೆ ಹೊರಳಿದ. ಫೋನಿನಲ್ಲಿ ಗಾಳಿಯ ಸದ್ದಿನ ನಡುವೆ ಭಾವನ ದನಿ ಬಂತು.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು."

ವಾರ್ಡಿನ ತುಂಬ ಜನರಿದ್ದರು. ಆದರೆ ಅವಳನ್ನು ಬಿಟ್ಟರೆ ಇಲ್ಲಿ ಕನ್ನಡ ತಿಳಿಯುವವರು ಇಬ್ಬರೇ. ಜಯಲಕ್ಷ್ಮಿ ಎದ್ದುನಿಂತು, ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು.